ಬಂಡೆಯ ಮೇಲೆ ಕುಡಗೋಲಿನ ಸದ್ದು

ಕಲ್ಲಿಗೆ ಕಬ್ಬಿಣ ತಾಗಿದ ಸದ್ದು ಕಿವಿಗೆ ಬಿದ್ದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಗಂಗಾವತಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ಹೊರಗೆ ಯಾರೋ ಕಲ್ಲು ಒಡೆಯುತ್ತಿದ್ದರು. ‘ಹಿಯರ್ ಅಂದ್ರೂ ಕೇಳೋದು, ಲಿಸನ್ ಅಂದ್ರೂ ಕೇಳೋದು. ಎರಡ್ಯಾಕ್ರಿ ಟೀಚರ್?’ ಎಂದಳು ಒಬ್ಬ ಹುಡುಗಿ. ಹಿಯರ್ ಎಂದರೆ ಸದ್ದು ತಾನಾಗಿ ಕಿವಿಗೆ ಬರುವುದು, ಲಿಸನ್ ಎಂದರೆ ಕಿವಿಯೇ ಸದ್ದನ್ನು ಹುಡುಕಿಕೊಂಡು ಹೋಗುವುದು ಎಂದೆ. ಲಿಸನ್‌ನ ಬೇರೂ ನಮ್ಮ ಶ್ರವಣ, ಶ್ರುತಿಗಳ ಬೇರೂ ಒಂದೇ ಎಂದು ನಿಘಂಟು ಹೇಳುತ್ತದೆ, ಅದನ್ನೂ ಹೇಳಿದೆ. ನಿಘಂಟಿನವರು ನಮ್ಮಜ್ಜಿಯನ್ನು ನೋಡಿರಲಿಲ್ಲ, ಪಾಪ.

ನಾನು ಬೆಳೆದದ್ದು ಆನೆಗೊಂದಿಯ ಹೊಳೆದಂಡೆಯಲ್ಲಿದ್ದ ಆ ಅಜ್ಜಿಯ ಮನೆಯಲ್ಲಿ. ಹಿತ್ತಲಲ್ಲಿ ಸದಾ ನೆನೆಹಾಕಿದ ಬಾಳೆನಾರಿನ ಹುಳಿ ವಾಸನೆ. ನಿಮಗೂ ಇಂಥದೊಂದು ಹಿತ್ತಲಿತ್ತೇನೋ. ಒಂದು ಮಳೆಗಾಲ ಅಜ್ಜಿಯ ಒಬ್ಬನೇ ಮಗ, ನಮ್ಮ ಮಲ್ಲಪ್ಪ ಮಾವ, ಬಾಳೆಗೊನೆ ಕೊಯ್ಯಲು ನಡುಗಡ್ಡೆಗೆ ಹೋದ ಮುಂಜಾನೆಯೇ ಡ್ಯಾಮಿನಿಂದ ನೀರು ಬಿಟ್ಟರು. ನೋಡನೋಡುತ್ತ ಹೊಳೆ ಕೆಂಪಾಗಿ ಉಬ್ಬಿತು. ಹೊಳೆ ಬಂದಾಗ ದಂಡೆಯವರು ಕೂಗಬಾರದೆಂಬುದು ನಮ್ಮವರ ಕಟ್ಟಳೆ. ಗುಡ್ಡದ ಬಂಡೆಗಳಿಗೆ ಬಡಿದ ದನಿ ಬೇರೆ ಕಡೆಯಿಂದ ಬಂದಂತಾಗುತ್ತದೆ, ಸಿಕ್ಕಿಬಿದ್ದವನು ಅದನ್ನೇ ನಂಬಿ ಮಡುವಿಗೆ ಕಾಲಿಡುತ್ತಾನೆ. ಬದುಕಿದ್ದೇನೆಂದು ತಿಳಿಸಲು ಅವನು ಎತ್ತರದ ಬಂಡೆಯೇರಿ ಕುಡಗೋಲು ಬಡಿಯಬೇಕು, ನಾವು ಸುಮ್ಮನೆ ಕೇಳಬೇಕು. ಕುಷ್ಟಗಿಯ ಒಣನೆಲದಿಂದ ಬಂದ ಹೊಸ ಸೊಸೆ ಶಾಂತತ್ತೆಗೆ ಇದೆಲ್ಲಿ ಗೊತ್ತು? ಗಂಡನನ್ನು ಕೂಗಹೋದಳು. ಅಜ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ‘ಸುಮ್ಕಿರವಾ. ನೀ ಕೂಗಿದ್ರ ಅಂವ ಸಾಯ್ತಾನ.’

ಟಣ್, ಟಣ್ ಎಂದು ಬಂಡೆಯ ಸದ್ದು ಬಂತು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಹೊಳೆಯ ಅಬ್ಬರದಲ್ಲಿ ಏನೂ ಕೇಳದಾಯಿತು. ಅಜ್ಜಿ ಮಾತ್ರ ಕಣ್ಣು ಮುಚ್ಚಿ ಕೂತೇ ಇದ್ದಳು. ‘ಕೇಳಸ್ತೈತೇನ್ರಿ ಅತ್ತಿ?’ ಎಂದು ಶಾಂತತ್ತೆ ಮತ್ತೆ ಮತ್ತೆ ಕೇಳುವಳು. ‘ಹೂಂ, ಬಡಿಯಾಕ ಹತ್ಯಾನ. ಛಲೋ ಅದಾನ’ ಎನ್ನುವಳು ಅಜ್ಜಿ. ಆ ಮಾತಿಗೆ ನಾವೂ ಉಸಿರು ಬಿಡುತ್ತಿದ್ದೆವು.

ಹೊತ್ತು ಇಳಿಯುವಾಗ ನೀರೂ ಇಳಿಯಿತು. ಅಂಬಿಗರು ಹರಗೋಲು ಹಾಕಿ ಮಾವನನ್ನು ಕರೆತಂದರು. ಗಡಗಡ ನಡುಗುತ್ತಿದ್ದ. ಶಾಂತತ್ತೆ ಒಲೆಯ ಮುಂದೆ ಕೂರಿಸಿ, ‘ಸಂಜಿತನಕ ಬಡದ್ರಿ, ಕೈ ಸೋಲಲಿಲ್ಲೇನ್ರಿ?’ ಎಂದಳು.

‘ಎಲ್ಲಿ ಬಡದೆ? ಮಧ್ಯಾಹ್ನಕ್ಕ ಕುಡಗೋಲು ಕೈಜಾರಿ ಹೊಳಿಗೆ ಬಿತ್ತು.’

ಶಾಂತತ್ತೆ ತಿರುಗಿ ನೋಡಿದಳು. ಅಜ್ಜಿ ಅಕ್ಕಿ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.

ಆ ಮನೆ ಈಗಿಲ್ಲ, ಅಜ್ಜಿಯೂ ಇಲ್ಲ. ಮೊನ್ನೆಯ ಪಾಠದ ಸಂಗತಿ ಹೇಳಿದಾಗ ಶಾಂತತ್ತೆ ಹೇಳಿದಳು: ‘ಕೇಳವಲ್ದು ಅಂದಿದ್ರ ನಾನೂ ಹೊಳಿಗೆ ಹಾರ್ತಿದ್ದೆ. ಅದು ಅತ್ತಿಗೆ ಗೊತ್ತಿತ್ತು. ತನ್ನ ಮಗ ಹೋದ ಅಂತ ತಿಳ್ಕೊಂಡು, ನನ್ನ ಸೆರಗು ಗಟ್ಟಿ ಹಿಡ್ಕೊಂಡು ಕೂತಿದ್ರು.’