ಪರದೆಯ ಹಿಂದೆ ಮಾದೇವಿ

2022ರಲ್ಲಿ ನಾನು ಸೇಲಂ ಜಿಲ್ಲೆಯ ಕೊಳತ್ತೂರು ಭಾಗದ ಸರ್ಕಾರಿ ಶಾಲೆಗಳಿಗೆ ಸ್ಪೆಷಲ್ ಎಜುಕೇಟರ್ ಆಗಿದ್ದೆ. ಕಣ್ಣು, ಕಿವಿ, ಮಾತು, ಕಲಿಕೆಯ ತೊಂದರೆಯಿರುವ ಮಕ್ಕಳನ್ನು ಗುರುತಿಸಿ, ಶಾಲೆಯಿಂದ ಶಾಲೆಗೆ ಬಸ್ಸಿನಲ್ಲಿ ತಿರುಗಿ ಅವರಿಗೆ ಪಾಠ ಹೇಳುವ ಕೆಲಸ. ನನ್ನ ಪಾಲಿಗಿದ್ದ ಹನ್ನೊಂದು ಶಾಲೆಗಳಲ್ಲಿ ಒಂದು ಪಾಲಮಲೆಯ ತಪ್ಪಲಿನಲ್ಲಿತ್ತು. ಮೂರನೇ ತರಗತಿಯ ಮಾದೇವಿಯನ್ನು ನೋಡಿದ್ದು ಅಲ್ಲಿ.

ಕೊರೊನಾ ಮುಗಿದು ಶಾಲೆ ತೆರೆದಾಗಿನಿಂದ ಆ ಹುಡುಗಿ ಒಂದು ಮಾತೂ ಆಡಿರಲಿಲ್ಲ. ಕಿವುಡಿರಬಹುದೆಂದು ಟೀಚರಿಗೆ ಅನುಮಾನ. ನಾನು ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಊಟದ ತಟ್ಟೆ ಬಡಿದೆ. ತಮಿಳಿನಲ್ಲಿ ಕರೆದೆ, ನಮ್ಮಿಬ್ಬರ ಮನೆಮಾತಾದ ಕನ್ನಡದಲ್ಲೂ ಕರೆದೆ. ಅವಳು ತಿರುಗಲೇ ಇಲ್ಲ. ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಗ್ರಾಂ ಪರೀಕ್ಷೆ ಬೇಕೆಂದು ಫಾರಂನಲ್ಲಿ ಬರೆದೆ. ತಂದೆ ಮುರುಗೇಶ, ಮದ್ರಾಸಿನಲ್ಲಿ ಕೆಲಸ ಎಂದು ಅಜ್ಜಿ ಹೇಳಿದರು. ಅದನ್ನೂ ತುಂಬಿಸಿದೆ.

ಅದೇ ತಿಂಗಳು ಅದಿಯಮಾನ್‌ಕೋಟೆ ಕಡೆಯ ಒಂದು ಕಾಲೇಜಿನವರು ಹಳ್ಳಿ ಮಕ್ಕಳಿಗೆ ಸಿನಿಮಾ ತೋರಿಸುತ್ತೇವೆಂದು ಕರೆದರು. ನಲವತ್ತು ಮಕ್ಕಳನ್ನು ಬಸ್ಸು ಹತ್ತಿಸಿದೆವು. ಮಾದೇವಿಯ ಹೆಸರು ಸೇರಿಸಿದವಳು ನಾನೇ. ಕಿವಿ ಕೇಳದಿದ್ದರೂ ಬಣ್ಣದ ಬೊಂಬೆಗಳನ್ನಾದರೂ ನೋಡಲಿ ಎಂದುಕೊಂಡೆ.

ಅದು ಕಾಲೇಜಿಗೆ ಸೇರಿ ಓದುವ ರಾಕ್ಷಸರ ಕಾರ್ಟೂನ್ ಸಿನಿಮಾ, ತಮಿಳಿಗೆ ಡಬ್ ಮಾಡಿದ್ದು. ಬಸ್ಸಿನಲ್ಲೇ ಮಕ್ಕಳು ಅದನ್ನು ‘ಪೇಯ್ ಪಡಂ’, ದೆವ್ವದ ಸಿನಿಮಾ, ಎನ್ನಲು ಶುರುಮಾಡಿದ್ದರು. ಹೊರಗೆ ಮಟಮಟ ಮಧ್ಯಾಹ್ನ. ಆಡಿಟೋರಿಯಂನ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ವೇದಿಕೆಯ ಮೇಲೆ ಗೋಡೆಯಿಂದ ನಾಲ್ಕಡಿ ಮುಂದೆ ಬಿಳಿ ಬಟ್ಟೆಯ ಪರದೆ ಇಳಿಬಿಟ್ಟಿದ್ದರು. ಕೊಂಬು, ಬಾಲ, ಆರಾರು ಕೈಯಿರುವ ವಿದ್ಯಾರ್ಥಿಗಳು ಬ್ಯಾಗು ಹೊತ್ತು ಕ್ಲಾಸಿಗೆ ಓಡುವುದನ್ನು ಕಂಡು ನಮ್ಮ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅರ್ಧ ಸಿನಿಮಾ ಆದ ಮೇಲೆ ಹಾಸ್ಟೆಲಿನ ವಾಚ್‌ಮನ್ ಬಂದ. ಒಂದೇ ಕಣ್ಣಿನ, ಹಸಿರು ಮೈಯ ಮುದಿ ರಾಕ್ಷಸ. ಒಂದೊಂದೇ ಕೋಣೆಯ ದೀಪ ಆರಿಸುತ್ತಾ ತಮಿಳಿನಲ್ಲಿ ಗೊಣಗುತ್ತಿದ್ದವನು ಕೊನೆಯ ಕೋಣೆಯ ಬಾಗಿಲಲ್ಲಿ ನಿಂತು, ಸ್ವರ ತಗ್ಗಿಸಿ, ಮಗುವನ್ನು ಮಲಗಿಸುವವನ ಹಾಗೆ, ಕೊಳತ್ತೂರಿನ ಅಚ್ಚ ಕನ್ನಡದಲ್ಲಿ ಹೇಳಿದ:

“ಮನೀಕೊ ಕಣ್ಣು, ನಾ ಇಲ್ಲೇ ಇವ್ನಿ.”

ತಪ್ಪು ಕೇಳಿದೆನೇನೋ ಎಂದು ಅಕ್ಕಪಕ್ಕ ನೋಡಿದೆ. ನಗು ನಿಂತಿತ್ತು. ನಮ್ಮ ಕನ್ನಡದ ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಾದೇವಿಯ ಕುರ್ಚಿ ಖಾಲಿಯಿತ್ತು.

ಕುರ್ಚಿಗಳ ಸಾಲು, ವರಾಂಡ, ಶೌಚಾಲಯ ಎಲ್ಲ ಹುಡುಕಿದೆ. ಗೇಟಿನಾಚೆ ಹೆದ್ದಾರಿ ಇತ್ತು. ಸಿನಿಮಾ ನಿಲ್ಲಿಸಲು ಹೇಳೋಣವೆಂದು ಒಳಗೆ ಬಂದೆ. ಆಗ ಪರದೆಯ ಕೆಳಗಿನ ಸಂದಿಯಲ್ಲಿ ಎರಡು ಪುಟ್ಟ ಪಾದಗಳು ಕಂಡವು.

ಪರದೆಯ ಹಿಂದೆ ಹೋದೆ. ಬಟ್ಟೆಯನ್ನು ಹಾದು ಬಂದ ಬೆಳಕಿನಲ್ಲಿ ರಾಕ್ಷಸರೆಲ್ಲ ಎಡಬಲ ಅದಲುಬದಲಾಗಿ ಕುಣಿಯುತ್ತಿದ್ದರು. ಆ ಬಣ್ಣಗಳೆಲ್ಲ ಮಾದೇವಿಯ ಮೈಮೇಲೆ ಹರಿಯುತ್ತಿದ್ದವು. ಅವಳು ಸ್ಪೀಕರ್ ಪೆಟ್ಟಿಗೆಯನ್ನು ತಬ್ಬಿಕೊಂಡು ಅದಕ್ಕೆ ಕೆನ್ನೆ ಒತ್ತಿದ್ದಳು. ವಾಚ್‌ಮನ್ ಮತ್ತೆ ಬಂದು ಮಾತಾಡುತ್ತಿದ್ದ. ಅವನು ನಿಲ್ಲಿಸಿದಾಗಲೆಲ್ಲ ಅವಳು ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ಊಟ ಮಾಡಿದೆ ಎಂದಳು, ಮೇಕೆ ಮರಿ ಹಾಕಿದೆ ಎಂದಳು. ಅವಳು ಮುಗಿಸುವವರೆಗೆ ಆ ಗಂಟಲು ಕಾದು ಮುಂದಿನ ಮಾತು ಆಡುತ್ತಿದೆಯೆಂದೇ ನನಗೂ ಅನ್ನಿಸಿತು. ಹತ್ತಿರ ಹೋಗಲು ಹೆದರಿಕೆಯಾಯಿತು, ನಿಜ ಹೇಳಬೇಕೆಂದರೆ.

ನನ್ನನ್ನು ಕಂಡು ಅವಳು ಕೇಳಿದಳು, “ಅಪ್ಪ ಇದ್ರೊಳ್ಗವ್ನೆ. ಬಾಗ್ಲು ಎಲ್ಲೈತೆ ಮಿಸ್?”

ನಾನು ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿ ಅವಳನ್ನು ಹೊರಗೆ ಕರೆತಂದೆ. ಬಸ್ಸಿನಲ್ಲಿ ಅವಳು ಮತ್ತೆ ಮೌನವಾದಳು.

ಮರುದಿನ ಅವರ ಮನೆಗೆ ಹೋದೆ. ತಾಯಿ ಸಾವಿತ್ರಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ವಾಚ್‌ಮನ್‌ನ ಮಾತು ಹೇಳಿ ಮುಗಿಸುವ ಮುಂಚೆಯೇ ಸೊಪ್ಪಿನ ಕಟ್ಟು ಕೆಳಗಿಟ್ಟು, ಅದು ಮುರುಗೇಶ ಮಗಳನ್ನು ಮಲಗಿಸುವಾಗ ಹೇಳುತ್ತಿದ್ದ ಮಾತು ಎಂದಳು. ಮುರುಗೇಶ ತಮಿಳು ಬಯಲಾಟವಾದ ಕೂತ್ತಿನಲ್ಲಿ ವೇಷ ಕಟ್ಟುತ್ತಿದ್ದವನು. ಮದ್ರಾಸಿನ ಸ್ಟುಡಿಯೋಗಳಲ್ಲಿ ಬೊಂಬೆ ಚಿತ್ರಗಳಿಗೆ ಚಿಕ್ಕಪುಟ್ಟ ದನಿ ಕೊಡುತ್ತಿದ್ದ. ಕೊರೊನಾದ ಎರಡನೇ ಅಲೆಯಲ್ಲಿ ಅಲ್ಲೇ ತೀರಿಕೊಂಡಿದ್ದ.

“ಮೊಕಾನೂ ತೋರ್ಸ್ನಿಲ್ಲ ಮೇಡಂ, ಅಲ್ಲೇ ಸುಟ್ಬುಟ್ರು,” ಎಂದಳು ಸಾವಿತ್ರಿ. “ಮೊಗಾ ಕೇಳ್ದಾಗೆಲ್ಲ ಸುಮ್ಮಾ ಕೆಲ್ಸಕ್ಕೋಗವ್ನೆ ಅಂದೋ. ಆಮೇಲೆ ಕೇಳೋದೇ ಬುಟ್ಬುಟ್ಳು.”

ಅಪ್ಪನ ಹೆಸರೆತ್ತಿದರೆ ಅಜ್ಜಿ ಒಳಗೆ ಹೋಗಿ ಅಳುತ್ತಿದ್ದರಂತೆ. ತನ್ನ ಮಾತಿನಿಂದಲೇ ಮನೆಯವರು ಅಳುತ್ತಾರೆಂದು ಆ ಮಗು ಲೆಕ್ಕ ಹಾಕಿ ಬಾಯಿ ಮುಚ್ಚಿಕೊಂಡಿತ್ತು; ತಿರುಗಿದರೆ ಮಾತಾಡಬೇಕಾದೀತೆಂದು ಯಾವ ಕರೆಗೂ ತಿರುಗುತ್ತಿರಲಿಲ್ಲ.

ಇನ್ನು ಮುಚ್ಚಿಡುವುದು ಬೇಡವೆಂದೆ. ಸಾವಿತ್ರಿ ಎರಡು ದಿನ ಸಮಯ ಕೇಳಿದಳು. ಮೂರನೆಯ ದಿನ ನನ್ನೆದುರಿಗೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪ ಸತ್ತಿದ್ದಾನೆಂದು ಆ ಪದವನ್ನೇ ಬಳಸಿ ಹೇಳಿದಳು. ಮಾದೇವಿ ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು, “ಅಂಗಾರೆ ಅಲ್ಲಿ ಮಾತಾಡ್ದೋರು ಯಾರು?”

ಮೊಬೈಲಿನಲ್ಲಿ ಅವಳ ಆ ಪ್ರಶ್ನೆಯನ್ನೇ ಮತ್ತೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿದೆ. ಅವಳ ಬಾಯಿ ಮುಚ್ಚಿರುವಾಗ ಅದನ್ನು ಹಾಕಿದೆ. ತನ್ನದೇ ದನಿ ತನ್ನಿಂದ ದೂರ ನಿಂತು ಕೇಳುವುದನ್ನು ಆಲಿಸಿ ಅವಳು ಬೆಚ್ಚಿದಳು. ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಅಳು ಬಂತು. ಒಂದು ವರ್ಷದ ಅಳು.

ಸಾವಿತ್ರಿ ಸಿನಿಮಾ ನೋಡಬೇಕೆಂದಳು. ಕಾಲೇಜಿನವರಿಂದ ಸಿನಿಮಾ ತರಿಸಿ, ಶಾಲೆಯ ಕಂಪ್ಯೂಟರಿನಲ್ಲಿ ಆ ದೃಶ್ಯ ಹಾಕಿಕೊಟ್ಟೆ. ವಾಚ್‌ಮನ್ ಬಾಗಿಲಿಗೆ ಬಂದಾಗ ಅವಳು ತನ್ನ ಸೆರಗನ್ನು ಪರದೆಯ ಮೇಲೆ ಹರಡಿ ಚಿತ್ರ ಮುಚ್ಚಿ, ದನಿಯನ್ನಷ್ಟೇ ಕೇಳಿದಳು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಮುರುಗೇಶನಿಗಾಗಿ ಇಬ್ಬರೂ ಹುಡುಕಿದೆವು. ಇರಲಿಲ್ಲ.

ಮಾದೇವಿ ಮೊದಲು ಮೇಕೆಗಳೊಡನೆ, ಆಮೇಲೆ ತಾಯಿಯೊಡನೆ, ಅರ್ಧವರ್ಷ ಕಳೆದು ತರಗತಿಯಲ್ಲಿ ಮಾತಾಡಿದಳು. ಆಡಿಯೋಗ್ರಾಂನಲ್ಲಿ ಎರಡೂ ಕಿವಿ ಸರಿಯಾಗಿದ್ದವು. ಇಪ್ಪತ್ತು ವರ್ಷದ ಅನುಭವವಿದ್ದ ನಾನು ಆ ಮಗುವಿನ ಬೆನ್ನ ಹಿಂದೆ ತಟ್ಟೆ ಬಡಿದಿದ್ದೆನೇ ಹೊರತು, ಅವಳ ಮನೆಯಲ್ಲಿ ಯಾವ ಮಾತು ನಿಂತುಹೋಗಿದೆಯೆಂದು ವಿಚಾರಿಸಿರಲಿಲ್ಲ. ನಮ್ಮ ಫಾರಂನಲ್ಲಿ ಅದಕ್ಕೊಂದು ಕಾಲಂ ಇಂದಿಗೂ ಇಲ್ಲ. ಈಗ ನಾನು ಯಾವ ಮಗುವಿನ ಕಿವಿ ಪರೀಕ್ಷಿಸುವ ಮುನ್ನವೂ ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು, ಈ ಮಗುವಿಗೆ ನೀವು ಹೇಳದೆ ಇಟ್ಟಿರುವುದೇನು ಎಂದು ಕೇಳುತ್ತೇನೆ. ಹೆಚ್ಚಿನವರು ಏನೂ ಇಲ್ಲವೆನ್ನುತ್ತಾರೆ. ಕೆಲವರು ಬಾಗಿಲ ಕಡೆ ನೋಡುತ್ತಾರೆ. ಅಂಥವರ ಎದುರು ನಾನು ಫಾರಂ ಮಡಚಿಟ್ಟು ಕೂತುಬಿಡುತ್ತೇನೆ.