ಎಡಗಿವಿಯ ಕಡೆ ಉದ್ದ ಬಿಟ್ಟ ಟೋಪಿ

ಗಂಡಸರಿಗೆ ಹೆಣಿಗೆ ಬರುವುದಿಲ್ಲ ಎಂದು ನಮ್ಮ ಓಣಿಯ ನರ್ಸಮ್ಮ ಹೇಳದೇ ಇದ್ದಿದ್ದರೆ ನಾನು ಆ ಕಡ್ಡಿಗಳನ್ನು ಮುಟ್ಟುತ್ತಲೇ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಫಜಲಪುರದಲ್ಲಿ ಪಿಯುಸಿ ಓದುತ್ತಿದ್ದ ನಾನು ಆಳಂದದ ಚರ್ಚಾಸ್ಪರ್ಧೆಯಲ್ಲಿ ವಿಷಯದ ವಿರುದ್ಧ ಮಾತಾಡಿ ಗೆದ್ದು ಬಂದಿದ್ದೆ. ಯಾರು ಏನು ಹೇಳಿದರೂ ಆಧಾರ ಕೇಳುವುದು ಚಟವಾಗಿತ್ತು.

“ಯಾಕ ಬರೂದಿಲ್ರಿ? ನಮ್ಮ ಬೆರಳು ಬ್ಯಾರೆ ಅದಾವೇನು?” ಎಂದೆ.

“ಬೆರಳಲ್ಲೋ ತಮ್ಮಾ, ತಾಳ್ಮಿ. ನಿನಗ ಬಾಯಿ ಒಂದೇ ನಡೀತದ,” ಎಂದು ನಕ್ಕು ಕಡ್ಡಿಗಳನ್ನು ನನ್ನ ಕೈಗಿಟ್ಟರು.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಮೊದಮೊದಲು ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕೈ ಕೂತ ಮೇಲೆ ಅಕ್ಕನಿಗೊಂದು ಕಿವಿ ಟೋಪಿ ಶುರು ಮಾಡಿದೆ. ಅಕ್ಕ ಮಣ್ಣೂರಿನ ಶಾಲೆಯಲ್ಲಿ ಕಲಿಸುತ್ತಿದ್ದಳು. ಚಳಿಗಾಲದಲ್ಲಿ ಮುಂಜಾನೆಯ ಬಸ್ಸು, ಗಾಜಿಲ್ಲದ ಕಿಟಕಿ, ಊರು ಹತ್ತಿರ ಬಂದಂತೆ ಭೀಮಾ ಹೊಳೆಯ ಗಾಳಿ. ಅವಳ ಎಡಗಿವಿ ಸಣ್ಣಂದಿನಿಂದ ಸೋರುತ್ತಿತ್ತು. ಆ ಕಡೆಯಿಂದ ಕರೆದರೆ ಕೇಳುವುದೂ ಕಡಿಮೆ. ಸೆರಗನ್ನು ಎಷ್ಟು ಬಿಗಿಯಾಗಿ ಸುತ್ತಿಕೊಂಡರೂ ಗಾಳಿಗೆ ಜಾರುತ್ತಿತ್ತು.

ಟೋಪಿಯ ಅಂಚಿನಿಂದ ಕುಣಿಕೆಗಳನ್ನು ಎತ್ತಿಕೊಂಡು, ಸಾಲುಸಾಲಿಗೆ ಅಕ್ಕಪಕ್ಕದಲ್ಲಿ ಕಡಿಮೆ ಮಾಡುತ್ತ ಹೋದರೆ ಕಿವಿಯ ಪಟ್ಟಿ ತಾನಾಗಿ ಚೂಪಾಗುತ್ತದೆ. ಎಡಗಡೆಯದನ್ನು ಬೇಕೆಂದೇ ಉದ್ದ, ದಪ್ಪ ಬಿಟ್ಟೆ. ಎರಡೂ ಪಟ್ಟಿಗಳ ತುದಿಗೆ ದಾರ, ದಾರದ ತುದಿಗೆ ಉಲ್ಲನ್ನಿನ ಗೊಂಡೆ, ನೆತ್ತಿಯ ಮೇಲೆ ಇನ್ನೊಂದು ದೊಡ್ಡ ಗೊಂಡೆ.

“ಗೊಂಡೇವು ಯಾಕಲೇ? ನಾ ಏನ್ ಕೂಸೇನು?” ಎಂದಳು ಅಕ್ಕ.

“ದಾರ ಗಾಳಿಗೆ ಹಾರಬಾರ್ದು. ತೂಕಕ್ಕ.”

“ಮತ್ತ ನೆತ್ತಿ ಮ್ಯಾಲಿಂದು?”

ಅದಕ್ಕೆ ನನ್ನ ಬಳಿ ವಾದವಿರಲಿಲ್ಲ. “ಚಂದಕ್ಕ,” ಎಂದೆ. ಅವಳು ಹಾಕಿಕೊಂಡಳು.

ಅವ್ವನಿಗೆ ಮಾತ್ರ ನಾನು ಪಡಸಾಲೆಯಲ್ಲಿ ಕೂತು ಹೆಣೆಯುವುದು ಕಣ್ಣಿಗೆ ಮುಳ್ಳು. “ಒಳಗ ಹೋಗಲೇ. ಮಂದಿ ನೋಡಿದ್ರ ಏನಂದಾರು?” ಕುರಿ ಕಾಯುವ ಗಂಡಸರು ನಮ್ಮ ಬಾಗಿಲ ಮುಂದೆಯೇ ಉಣ್ಣೆ ನೂಲುತ್ತ ನಡೆದುಹೋಗುತ್ತಿದ್ದರು. ಅವರನ್ನು ಹೆಂಗಸರೆಂದು ಯಾರೂ ಅಂದದ್ದಿಲ್ಲ. ಅದೇ ಉಣ್ಣೆಗೆ ಬಣ್ಣ ಬಂದು, ಎರಡು ಕಡ್ಡಿಗಳ ನಡುವೆ ಕೂತ ಕೂಡಲೇ ಗಂಡಸಿನ ಇಜ್ಜತ್ತು ಹೋಗುವುದು ಹೇಗೆ? ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಶರಣರ ಹೆಸರು ಹೇಳಿ ಬಂದವರಿಗೆಲ್ಲ ಬೋಧಿಸುತ್ತಿದ್ದ ಅಪ್ಪನನ್ನೇ ಕೇಳಿದೆ. ಅಪ್ಪ ಎದ್ದು ಹೊಲಕ್ಕೆ ಹೋದರು.

ಅಷ್ಟರಲ್ಲಿ ಜೇವರ್ಗಿಯಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬರುವುದು ನಿಶ್ಚಯವಾಯಿತು. ಸಂಬಂಧ ತಂದವರು ಸೋದರಮಾವ. ಆಗ ನಮ್ಮ ಕಡೆ ಕನ್ಯೆ ನೋಡಲು ಬಂದವರ ಮುಂದೆ ಹುಡುಗಿ ಮಾಡಿದ ಕೈಕೆಲಸವನ್ನೆಲ್ಲ ಹರವಿಡುತ್ತಿದ್ದರು: ಮಣಿಯ ಗಿಳಿ, ಕಸೂತಿ ಹಾಕಿದ ದಿಂಬಿನ ಚೀಲ. ಅಕ್ಕ ಜನ್ಮದಲ್ಲಿ ಒಂದು ಮಣಿ ಪೋಣಿಸಿದವಳಲ್ಲ. ಮನೆಯಲ್ಲಿದ್ದ ಕೈಕೆಲಸ ಒಂದೇ, ನನ್ನದು. ಅವ್ವ ಟೋಪಿಯನ್ನು ಒಗೆದು, ಗೊಂಡೆಗಳ ಎಳೆ ಬಿಡಿಸಿ, ಹಿತ್ತಾಳೆ ತಟ್ಟೆಯಲ್ಲಿಟ್ಟಳು.

“ಇದು ಆಕಿ ಹೆಣದದ್ದು. ತಿಳೀತಿಲ್ಲೋ? ಮತ್ತ ಕಿವಿ ಸುದ್ದಿ ಯಾರೂ ಎತ್ತಬ್ಯಾಡ್ರಿ.”

ಒಂದು ನಿಜವನ್ನು ಮುಚ್ಚಿಡಬೇಕು, ಒಂದು ಸುಳ್ಳನ್ನು ತಟ್ಟೆಯಲ್ಲಿಟ್ಟು ತೋರಿಸಬೇಕು. ಆ ಎರಡೂ ಒಂದೇ ಟೋಪಿಯಲ್ಲಿವೆ ಎಂಬುದು ಅವ್ವನಿಗೆ ಹೊಳೆಯಲಿಲ್ಲ. ನಾನು ಹೇಳಲು ಹೋದೆ. “ನಿನ್ನ ಭಾಷಣ ಕಾಲೇಜಿನ್ಯಾಗ ಇಟ್ಕೋ,” ಎಂದಳು.

ಬಂದವರಲ್ಲಿ ಹುಡುಗನ ತಾಯಿ ಚುರುಕು. ಅವಲಕ್ಕಿ ತಿಂದು ಕೈ ಒರೆಸಿಕೊಂಡು ಟೋಪಿ ಎತ್ತಿದರು, ಒಳಗೆ ಕೈ ಹಾಕಿದರು, ತಿರುವಿದರು.

“ಛಲೋ ಅದ. ಆದ್ರ ಈ ಕಡೀದು ಯಾಕವ್ವಾ ಉದ್ದ ಆಗ್ಯಾದ? ಲೆಕ್ಕ ತಪ್ಪೇನು?”

“ಹೊಸದಾಗಿ ಕಲ್ತಾಳ್ರಿ,” ಎಂದು ಅವ್ವ ನಡುವೆ ಬಾಯಿ ಹಾಕಿದಳು.

ನನ್ನ ನಾಲಿಗೆ ತುರಿಸುತ್ತಿತ್ತು. ತಪ್ಪಂತೆ! ಅಕ್ಕ ಸೆರಗು ಸರಿಮಾಡಿಕೊಂಡು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಮಾತಾಡಿದಳು.

“ಲೆಕ್ಕ ತಪ್ಪಿಲ್ರಿ. ನನ್ನ ಎಡಗಿವಿ ಸೋರ್ತದ, ಕೇಳೂದೂ ಕಡಿಮಿ. ಅದಕ್ಕ ಬೇಕಂತ ಉದ್ದ ಬಿಟ್ಟದ್ದು. ಹೆಣದಾಂವ ನನ್ನ ತಮ್ಮ. ನನಗ ಕಡ್ಡಿ ಹಿಡ್ಯಾಕೂ ಬರೂದಿಲ್ಲ.”

ಆ ತಾಯಿ ಅಕ್ಕನ ಕಿವಿಯನ್ನು ನೋಡಲಿಲ್ಲ. ನನ್ನ ಕೈಗಳನ್ನು ನೋಡಿದರು. ಹುಡುಗ ಚಹಾದ ಬಸಿಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಬಸ್ಸಿನ ನೆಪ ಹೇಳಿ ಎದ್ದರು. ಅವರು ಓಣಿ ದಾಟುವ ಮುಂಚೆಯೇ ಅವ್ವ ಅಳಲು ಶುರುಮಾಡಿದಳು.

ಮುಂದಿನ ವಾರ ಮಾವ ಸುದ್ದಿ ತಂದರು. ಮುಖದಲ್ಲಿ ಕಳೆಯಿತ್ತು.

“ಒಪ್ಯಾರ. ಕಿವಿ ನಡೀತದಂತ, ಡಾಕ್ಟರಿಗೆ ತೋರಸ್ತಾರಂತ. ಒಂದೇ ಮಾತು. ತಮ್ಮ ಹೆಣೀತಾನ ಅಂತ ಎಲ್ಲೂ ಬಾಯಿ ಬಿಡಬಾರ್ದು. ಟೋಪಿ ಹುಡುಗೀನೇ ಹೆಣದಾಳ ಅಂತ ಅವ್ರು ಊರಾಗ ಹೇಳ್ಯಾರ, ನೀವೂ ಹಾಂಗೇ ಹೇಳ್ಬೇಕಂತ. ಇಲ್ಲಂದ್ರ ಮಂದಿ ನಗ್ತಾರ.”

“ಹೇಳಿದ್ರಾಯ್ತು, ಏನ್ ಹೋಗ್ತದ?” ಎಂದು ಅವ್ವ ಕಣ್ಣೊರೆಸಿಕೊಂಡಳು.

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಮಾವಾ, ಸೋರೂ ಕಿವಿ ನಡೀತದ, ಹೆಣ್ಯೂ ತಮ್ಮ ನಡ್ಯಂಗಿಲ್ಲ, ಹೌದಿಲ್ಲೋ? ಇವತ್ತ ಟೋಪಿ ಸುಳ್ಳು ಹೇಳು ಅಂತಾರ. ನಾಳಿ ಏನೇನ್ ಹೇಳಸ್ತಾರೋ. ನಾ ಆ ಮನಿಗಿ ಹೋಗೂದಿಲ್ಲ.”

“ಬೇ, ಹುಚ್ಚಿ, ಒಂದ್ ಟೋಪಿ ಸಲುವಾಗಿ…”

“ಹೌದ್ರಿ. ಟೋಪಿ ಸಲುವಾಗೇ.”

ಮಾವ ಅಪ್ಪನ ಕಡೆ ತಿರುಗಿದರು. ನಾನು ಎದ್ದು ನಿಂತೆ. ಕುರಿ ಕಾಯುವವರು, ಶರಣರು, ಕಾಯಕ, ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. “ಮಾವಾ, ಮೊದಲನೇ ಮಾತು—” ಎಂದು ಆರಂಭಿಸಿದ್ದೆನಷ್ಟೇ.

“ನೀ ಕುಂಡ್ರಲೇ,” ಎಂದರು ಅಪ್ಪ. “ಆಕಿ ಮಾತಾಡ್ಯಾಳ, ಮುಗೀತು.” ಮಾವನಿಗೂ ಅಷ್ಟೇ ಹೇಳಿದರು: “ಇಲ್ಲ ಅಂತ ತಿಳಸ್ರಿ. ಕಾರಣ ಕೇಳಿದ್ರ, ಆಕಿ ಹೇಳಿದ್ದೇ ಹೇಳ್ರಿ. ಒಂದಕ್ಷರ ಮುಚ್ಚಬ್ಯಾಡ್ರಿ.”