ಕಾರ್ಪೆಟ್ಟು ಮತ್ತು ಅಪ್ಪನ ಕಾಲು

ನನ್ನ ಕಾರಿನಲ್ಲಿ ಹೊಸದು ಅಂತ ಇರುವುದು ಒಂದೇ, ನೆಲಕ್ಕೆ ಹಾಸಿದ ಕಾರ್ಪೆಟ್ಟು. ಗಂಗಾವತಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಾಗ, ಹಿಂದಿನ ಮಾಲೀಕನ ಹಿಮ್ಮಡಿ ಉಜ್ಜಿ ಉಜ್ಜಿ ಎಕ್ಸಲರೇಟರ್ ಕೆಳಗೆ ಅಂಗೈಯಗಲ ತೂತು ಬಿದ್ದು ತಗಡು ಕಾಣುತ್ತಿತ್ತು. ಎಲ್ಲ ಕಿತ್ತು ಹೊಸದು ಹಾಕಿಸಿದೆ. ಇದನ್ನಂತೂ ಸವೆಯಲು ಬಿಡಬಾರದೆಂದು ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಹಳೇ ಪೇಪರು.

ಗ್ಯಾರೇಜಿನ ಮೇಸ್ತ್ರಿ ನೋಡಿ ನಕ್ಕ. "ಮೇಡಂ, ನಿಮ್ಮ ಕಾಲ ಕೆಳಗ ಇಷ್ಟೆಲ್ಲಾ ಹಾಕಬ್ಯಾಡ್ರಿ, ಬ್ರೇಕಿನ ಬುಡಕ್ಕ ಸಿಗತೈತಿ. ಒಂದ ಮ್ಯಾಟ್ ಸಾಕು. ವಾರಕ್ಕೊಮ್ಮೆ ಝಾಡಿಸ್ರಿ. ಕಾರ್ಪೆಟ್ ತಿನ್ನೂದು ಕಾಲಲ್ಲ, ಮಣ್ಣು."

ಮುಂದಿನ ಸೀಟಿಗೆ ಅವನ ಮಾತು ಕೇಳಿದೆ, ಹಿಂದಿನ ಸೀಟಿಗೆ ಕೇಳಲಿಲ್ಲ. ಮಣ್ಣು ಎಂಬ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಕುಷ್ಟಗಿಯ ಚಿಕ್ಕಮ್ಮ ದಾರಿಯುದ್ದಕ್ಕೂ ಶೇಂಗಾ ತಿಂದು ಸಿಪ್ಪೆಯನ್ನು ಮರ್ಯಾದೆಯಿಂದ ಮ್ಯಾಟಿನ ಕೆಳಗೆ ಮುಚ್ಚಿಟ್ಟು ಇಳಿಯುತ್ತಾಳೆ. ಯಲಬುರ್ಗಾದ ಭಾವ ಮಜ್ಜಿಗೆ ಚೆಲ್ಲಿ, "ಒಣಗತೈತಿ ಬಿಡು" ಅನ್ನುತ್ತಾನೆ. ಇದೇನು ಕಾರೋ, ಬಾಡಿಗೆಯ ಟಂಟಂ ಗಾಡಿಯೋ? ನಾನು ರೇಗಿದಾಗೆಲ್ಲ ನನ್ನ ಗಂಡ, "ಏಸಿ ಗಾಳಿ ಬರವಲ್ದು, ಕಾರ್ಪೆಟ್ಟಿಗೆ ಮಾತ್ರ ಉಪಚಾರ. ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಎಂದು ಕಾಡುತ್ತಾನೆ.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಅಪ್ಪ.

ಅಪ್ಪ ಅಳವಂಡಿಯಲ್ಲಿ ಅಣ್ಣನ ಜೊತೆ ಇದ್ದಾನೆ. ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿಗೆ ಗಾಯವಾಗಿ ಒಂದು ಬೆರಳು ತೆಗೆದರು. ಕೊಪ್ಪಳದ ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಇವರ ಪಾದಕ್ಕ ಬಿಸಿ, ಮುಳ್ಳು ಏನೂ ತಿಳಿಯೂದಿಲ್ಲರಿ. ಬರಿಗಾಲು ನೆಲಕ್ಕ ಇಡಬಾರ್ದು, ಮನ್ಯಾಗ ಸೈತ. ಇನ್ನೊಂದು ಗಾಯ ಆತಂದ್ರ ಪಾದ ಉಳಿಯೂದು ಕಷ್ಟ." ಆ ದಿನವೇ ಮೆತ್ತನೆಯ ಅಟ್ಟೆಯ ಚಪ್ಪಲಿ ಕೊಡಿಸಿದೆ. ಹದಿನೈದು ದಿನಕ್ಕೊಮ್ಮೆ ಶಾಲೆಗೆ ಅರ್ಧ ದಿನ ರಜೆ ಹಾಕಿ ಅವನನ್ನು ಕಾಲು ತೋರಿಸಲು ಕರೆತರುವುದು ನನ್ನ ಕೆಲಸ.

ಆ ಚಪ್ಪಲಿ ಮೆಟ್ಟಿಕೊಂಡೇ ಅವನು ಎಮ್ಮೆಗೆ ಮೇವು ತರಲು ಹೊಲಕ್ಕೆ ಹೋಗುತ್ತಿದ್ದ. ನಮ್ಮ ಎರೆ ಮಣ್ಣು ಗೊತ್ತಲ್ಲ, ಒಮ್ಮೆ ಹಿಡಿದರೆ ಸಾಲ ಕೊಟ್ಟವನಂತೆ ಬಿಡುವುದಿಲ್ಲ. ಹಿಂದಿನ ಸಲ ಮಳೆಯಾದ ಮರುದಿನ ಹಾಗೆಯೇ ಹತ್ತಿದ. ಪೇಪರು, ಗೋಣಿ ಎಲ್ಲ ದಾಟಿ ಕಾರ್ಪೆಟ್ಟಿಗೆ ಮೆತ್ತಿತು.

"ಯಪ್ಪಾ, ಇದು ಕಾರೋ ದನದ ಮನಿಯೋ? ಹತ್ತೂ ಮುಂದ ಕಾಲಿನ ಕಡೆ ಒಂಚೂರು ನೋಡಬಾರ್ದಾ?" ಎಂದು ಕೂಗಿದೆ. ಅಪ್ಪ ಕೊಪ್ಪಳ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಈ ಸಲ ಹೋದಾಗ ಊರ ಹೊರಗಿನ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ನಾನು ಫೋನಿನಲ್ಲಿ ಹೆಡ್ ಮೇಡಂಗೆ ರಜೆಯ ಸಮಜಾಯಿಷಿ ಕೊಡುತ್ತಿದ್ದೆ. ಹಿಂದಿನ ಬಾಗಿಲು ತೆಗೆದು ಹತ್ತಿದ, ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದರೆ ಧೋತರದ ಅಂಚು ಪಾದ ಮುಚ್ಚಿತ್ತು, ಪೇಪರಿನ ಮೇಲೆ ಒಂದು ಹೆಂಟೆ ಮಣ್ಣಿಲ್ಲ. ನನಗೆ ಭಾಳ ಖುಷಿಯಾಯಿತು. ಕೊನೆಗೂ ಬುದ್ಧಿ ಬಂತು ಅಂದುಕೊಂಡೆ.

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದಾಗ ಮಧ್ಯಾಹ್ನದ ಬಿಸಿಲು ಕಾಂಕ್ರೀಟಿನ ಮೇಲೆ ಕುಣಿಯುತ್ತಿತ್ತು. ಅಪ್ಪ ಇಳಿದು ನಿಂತು ಫೈಲು ಹುಡುಕುತ್ತಿದ್ದ ನನಗಾಗಿ ಕಾದ. ನಾನು ಫೈಲು ಹಿಡಿದು ಈಚೆ ಬಂದು ನೋಡಿದರೆ ಬರಿಗಾಲು.

"ಚಪ್ಪಲಿ ಎಲ್ಲಿ?"

"ಗಿಡದ ಬುಡಕ್ಕ ಬಿಟ್ಟೀನಿ. ಹೊಳ್ಳಿ ಹೋಗೂ ಮುಂದ ಮೆಟ್ಕೊಂಡ್ರಾತು."

"ಯಾಕ?"

"ಪೂಜಾ ಮಾಡಿದ ಗಾಡಿ, ಲಕ್ಷ್ಮಿ ಇದ್ದಂಗ. ಗುಡಿ ಹೊರಗ ಬಿಡೂದಿಲ್ಲೇನು? ನೀನೂ ಸಿಟ್ಟಾಗತಿ."

"ಯಪ್ಪಾ, ಕಾಲು ಸುಡವಲ್ದೇನು?"

ಅಪ್ಪ ತನ್ನ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿಕೊಂಡ. "ಇಲ್ಲಬೇ, ಏನೂ ಗೊತ್ತಾಗವಲ್ದು" ಅಂದ.

ಅವನನ್ನು ಸೀಟಿನ ಮೇಲೆ ಕೂರಿಸಿ ರಬ್ಬರ್ ಮ್ಯಾಟುಗಳನ್ನೂ ಗೋಣಿಚೀಲಗಳನ್ನೂ ಎಳೆದು ಆಸ್ಪತ್ರೆಯ ಬಾಗಿಲಿನ ಕಡೆಗೆ ಹಾಸಿದೆ. ಸಾಲದೆ ಹೋದಾಗ ಹಿಂದಿನದನ್ನು ಎತ್ತಿ ಮುಂದೆ ಹಾಕಿದೆ. ಅಪ್ಪ ಮಾತ್ರ ಒಂದೊಂದಕ್ಕೂ ನಿಂತು, ಹೆಗಲ ಟವೆಲಿನಿಂದ ಅಂಗಾಲು ಒರೆಸಿಕೊಳ್ಳಲು ಬಗ್ಗುತ್ತಿದ್ದ.

"ತುಳಿಯಪ್ಪಾ, ಸುಮ್ಮನ ತುಳಿ!" ಎಂದು ಅರಚಿದೆ. ಜನ ತಿರುಗಿ ನೋಡಿದರು. ಸಿಟ್ಟು ಅವನ ಮೇಲೆ ಅಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು.

ಎರಡೂ ಹಿಮ್ಮಡಿಗೆ ಬೊಬ್ಬೆ ಎದ್ದಿದ್ದವು. ಡಾಕ್ಟರು ಔಷಧ ಹಚ್ಚಿ ಬ್ಯಾಂಡೇಜು ಸುತ್ತಿ, ವಾರ ಕಾದು ನೋಡೋಣ ಅಂದರು, ಮುಖ ಗಂಟಿಕ್ಕಿಕೊಂಡೇ.

ವಾಪಸು ಬರುವಾಗ ಮ್ಯಾಟು, ಚೀಲ ಎಲ್ಲ ಡಿಕ್ಕಿಗೆ ಎಸೆದಿದ್ದೆ. ಬರಿ ಕಾರ್ಪೆಟ್ಟು. ತಿರುಗಿ ನೋಡಿದರೆ ಅಪ್ಪ ಎರಡೂ ಮೊಣಕಾಲು ಹಿಡಿದುಕೊಂಡು ಪಾದಗಳನ್ನು ಗೇಣುದ್ದ ಮೇಲೆತ್ತಿ ಕೂತಿದ್ದ.

"ಕಾಲು ಕೆಳಗ ಇಡಪ್ಪಾ."

"ಇರ್ಲಿ ಬಿಡವಾ, ಗಾಡಿಗಿ ಔಷಧ ಹತ್ತೀತು" ಅಂದ. ಅಳವಂಡಿ ಬರುವವರೆಗೂ ಕೆಳಗಿಡಲಿಲ್ಲ.